ಪ್ರಶ್ನೆಯ ವೇಷದಲ್ಲಿ ಅಪವಾದ

ನಿಜವಾದ ಸಮೀಕ್ಷಕನು ಪರಿಮಿತ ಜನರನ್ನು ಆಯ್ದು, ಅವರ ಉತ್ತರಗಳನ್ನು ಎಣಿಕೆಗೆ ತರುವನು. ಕಪಟಿಯಾದವನೋ ಸಹಸ್ರಾರು ಮನೆಗಳಿಗೆ ದೂರವಾಣಿ ಕರೆಮಾಡಿ, ಪ್ರಶ್ನೆಯ ನೆಪದಲ್ಲಿ ಎದುರಾಳಿಯ ಮೇಲೆ ಅಪವಾದವನ್ನು ಬಿತ್ತಿ, ಉತ್ತರವನ್ನು ಲಕ್ಷಿಸದೆಯೇ ಮುಂದೆ ಸಾಗುವನು. 2000ನೆಯ ಇಸವಿಯಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ, ಅಧ್ಯಕ್ಷ ಪದವಿಯ ಆಕಾಂಕ್ಷಿ ಜಾನ್ ಮೆಕೇನರು ಬಾಂಗ್ಲಾದೇಶದಿಂದ ದತ್ತು ತಂದ ಬಾಲಿಕೆಯನ್ನೇ ಅವರ ಅಕ್ರಮ ಸಂತಾನವೆಂದು ಸೂಚಿಸುವ ಇಂತಹ ಪ್ರಶ್ನೆಗಳು ಹಬ್ಬಿದುವೆಂದು ವರದಿಯಾಯಿತು. ಎಂತಹ ಹೇಯ ಕೃತ್ಯ! ನಮ್ಮಲ್ಲಿಯೂ ಸಮೀಕ್ಷೆಯ ಮುಖವಾಡ ಅಪರಿಚಿತವಲ್ಲ: 2024ರ ಲೋಕಸಭಾ ಚುನಾವಣೆಯ ವೇಳೆ, ಮೇ 2ರಂದು, ಸಮೀಕ್ಷೆಯ ಹೆಸರಿನಲ್ಲಿ ಮತದಾರರನ್ನು ಭಾವೀ ಯೋಜನೆಗಳಿಗೆ ನೋಂದಾಯಿಸಿಕೊಳ್ಳುವುದನ್ನು ನಿಲ್ಲಿಸಬೇಕೆಂದು ಚುನಾವಣಾ ಆಯೋಗವು ಪಕ್ಷಗಳಿಗೆ ಸೂಚಿಸಿತ್ತು. ಓದುಗರೇ, ಸಮೀಕ್ಷೆಯ ಹೆಸರಿನ ಕರೆ ಬಂದಾಗ, ಅದನ್ನು ಮಾಡಿಸಿದವರು ಯಾರೆಂದು ಮೊದಲು ಕೇಳಿರಿ. ಹೇಳದಿದ್ದರೆ ಮಾತು ಮುಂದುವರಿಸಬೇಡಿರಿ.