ತಿದ್ದುಪಡಿಗೊಂದು ನಂಬರು

ಬರೆದಿಟ್ಟ ಲೆಕ್ಕದಲ್ಲಿ ತಪ್ಪು ನುಸುಳುವುದು ಸಹಜ. ಅದನ್ನು ತಿದ್ದುವುದೂ ಸಹಜವೇ. ಆದರೆ ಯಾರು, ಯಾವಾಗ, ಯಾವ ಕಾರಣದಿಂದ ತಿದ್ದಿದರೆಂಬುದು ಉಳಿಯದಿದ್ದರೆ, ಆ ತಿದ್ದುಪಡಿಯೇ ಇನ್ನೊಂದು ತಪ್ಪಿಗೆ ಬೀಜವಾಗುವುದು. ಈ ತೊಡಕು ಕಂದಾಯ ಕಚೇರಿಗಳಿಗೆ ಬಹು ಹಳೆಯದು. ಗಣಕಯಂತ್ರಗಳಿಗೆ ಪ್ರೋಗ್ರಾಂ ಬರೆಯುವವರಿಗೆ ಅದು ಎದುರಾದುದು ಈಚೆಗೆ. ಎರಡು ಕಡೆಯೂ ಕಂಡುಕೊಂಡ ಉಪಾಯ ಹೆಚ್ಚುಕಡಮೆ ಒಂದೇ ಎಂಬುದು ಗಮನಿಸತಕ್ಕ ಸಂಗತಿ.

ಪಹಣಿಯ ಎಂ.ಆರ್.

ನಂಜನಗೂಡು ಇಲ್ಲವೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ಯಾವುದಾದರೊಂದು ಪಹಣಿಯನ್ನು ಕೈಗೆತ್ತಿಕೊಳ್ಳೋಣ. ಸರ್ವೆ ನಂಬರು, ವಿಸ್ತೀರ್ಣ, ಬೆಳೆ ಮೊದಲಾದ ವಿವರಗಳೊಡನೆ ಅದರಲ್ಲಿ ಜಮೀನಿನ ಒಡೆಯರ ಹೆಸರಿರುತ್ತದೆ. ಜಮೀನು ಅವರಿಗೆ ಹೇಗೆ ಬಂದಿತೆಂಬುದನ್ನು ಸೂಚಿಸುವ ಅಂಕಣದಲ್ಲಿ 'ಎಂ.ಆರ್.' ಎಂಬ ಅಕ್ಷರಗಳೂ ಒಂದು ನಂಬರೂ ವರ್ಷವೂ ಸಾಮಾನ್ಯವಾಗಿ ಕಾಣುವುವು. ಇದು ಮ್ಯುಟೇಷನ್ ರಿಜಿಸ್ಟರಿನ, ಎಂದರೆ ಹಕ್ಕು ಬದಲಾವಣೆಯ ವಹಿಯ, ನಂಬರು. ತಂದೆ ತೀರಿಕೊಂಡು ಮಕ್ಕಳ ಹೆಸರಿಗೆ ಖಾತೆಯಾಗಬೇಕಾದರೂ, ಕ್ರಯದಿಂದ ಜಮೀನು ಕೈಬದಲಾದರೂ, ವಿಷಯವು ಮೊದಲು ಆ ವಹಿಯಲ್ಲಿ ನಮೂದಾಗಬೇಕು. 1964ರ ಭೂಕಂದಾಯ ಅಧಿನಿಯಮದಂತೆ ಸಂಬಂಧಪಟ್ಟವರಿಗೆ ನೋಟೀಸು ಹೋಗುವುದು. ತಕರಾರು ಬಂದರೆ ಅದು ವಿವಾದಾಸ್ಪದ ಪ್ರಕರಣಗಳ ಬೇರೊಂದು ವಹಿಯನ್ನು ಸೇರುವುದು.

2000ದ ಸುಮಾರಿಗೆ ಆರಂಭವಾದ 'ಭೂಮಿ' ಯೋಜನೆಯಿಂದ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದುವು. ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇ ಮಾಡಬೇಕೆಂಬ ಏರ್ಪಾಡೂ, ಒಪ್ಪಿಗೆ ಕೊಡುವ ನೌಕರರನ್ನು ಬೆರಳಚ್ಚಿನಿಂದ ಗುರುತಿಸುವ ಕ್ರಮವೂ ಆಗ ಬಂದುವು. ಕಾಗದ ಹೋಗಿ ಯಂತ್ರ ಬಂದರೂ ಎಂ.ಆರ್. ನಂಬರು ಮಾತ್ರ ಉಳಿಯಿತು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ರೈತನ ಬೆಳೆಸಾಲಕ್ಕೆ ತಡೆ ಬರಬಹುದು. ಅಂತಹ ಸಮಯದಲ್ಲಿ ಮೂಲ ಕಾಗದದವರೆಗೆ ದಾರಿ ತೋರಿಸುವುದು ಆ ನಂಬರೇ.

ಗಣಕದ ಎಂ.ಆರ್.

ಇನ್ನು ಪ್ರೋಗ್ರಾಮಿನ ಕಡೆಗೆ ತಿರುಗೋಣ. ಸಾವಿರಾರು ಸಾಲುಗಳ ಪ್ರೋಗ್ರಾಮನ್ನು ಹಲವರು ಕೂಡಿ ಬರೆಯುತ್ತಾರೆ, ದಿನವೂ ತಿದ್ದುತ್ತಾರೆ. 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮಾರ್ಕ್ ರಾಕ್‌ಕೈಂಡ್ ಎಂಬವರು 'ಸೋರ್ಸ್ ಕೋಡ್ ಕಂಟ್ರೋಲ್ ಸಿಸ್ಟಂ' ಎಂಬ ಸಾಧನವನ್ನು ರಚಿಸಿದರು. ಇದು ಹಳೆಯ ಸಾಲನ್ನು ಅಳಿಸಿಹಾಕದೆ ಪ್ರತಿಯೊಂದು ಬದಲಾವಣೆಯನ್ನೂ ಕ್ರಮವಾಗಿ ಕೂಡಿಡುವುದು. ಬೇಕೆಂದಾಗ ಹಿಂದಿನ ಯಾವುದೇ ರೂಪವನ್ನು ಹೊರತೆಗೆದು ಕೊಡುವುದು. ಇಂತಹ ಏರ್ಪಾಡಿಗೆ ಆವೃತ್ತಿ ನಿಯಂತ್ರಣವೆಂದು ಹೆಸರು. ಕುತೂಹಲದ ವಿಷಯವೆಂದರೆ ಇದರಲ್ಲಿಯೂ 'ಎಂ.ಆರ್.' ಉಂಟು! ಇಲ್ಲಿ ಅದರ ಅರ್ಥ 'ಮಾಡಿಫಿಕೇಷನ್ ರಿಕ್ವೆಸ್ಟ್', ಎಂದರೆ ಬದಲಾವಣೆಯ ಕೋರಿಕೆ. ಫೈಲಿನಲ್ಲಿ ತಕ್ಕ ಗುರುತನ್ನು ಹಾಕಿಟ್ಟರೆ, ಕೋರಿಕೆಯ ನಂಬರನ್ನು ಕೊಡದ ಹೊರತು ಯಂತ್ರವು ತಿದ್ದುಪಡಿಯನ್ನು ಸ್ವೀಕರಿಸುವುದೇ ಇಲ್ಲ.

ಇದರ ಪ್ರಯೋಜನವೇನು? ಒಂದು ಸಹಕಾರ ಸಂಘದ ಬಡ್ಡಿ ಲೆಕ್ಕದ ಪ್ರೋಗ್ರಾಮನ್ನು ಕಲ್ಪಿಸಿಕೊಳ್ಳೋಣ. ಅದು ಅಧಿಕ ವರ್ಷದ ಫೆಬ್ರವರಿಯನ್ನೂ 28 ದಿನವೆಂದೇ ಎಣಿಸುತ್ತದೆ. ಗುಮಾಸ್ತರು ದೂರು ಕೊಟ್ಟರು. ಅದಕ್ಕೆ 12ನೆಯ ನಂಬರು ಬಿತ್ತು. ಬರೆಯುವವರು ಒಂದು ಸಾಲನ್ನು ಸೇರಿಸಿ '12ರ ಪ್ರಕಾರ' ಎಂದು ಗುರುತಿಸಿದರು. ಮೂರು ವರ್ಷದ ಮೇಲೆ ಬಂದ ಹೊಸಬರಿಗೆ ಆ ಸಾಲು ಅನಾವಶ್ಯಕವೆಂದು ತೋರಬಹುದು. ನಂಬರಿದ್ದರೆ ದೂರನ್ನು ಓದಿ ಕೈಬಿಡುವರು. ಇಲ್ಲದಿದ್ದರೆ ಸಾಲನ್ನು ಅಳಿಸುವರು, ಹಳೆಯ ದೋಷ ಮರಳಿ ಬರುವುದು.

ಕವಲು ಮತ್ತು ಸಂಗಮ

ಕಪಿಲೆಯೆಂದೂ ಕರೆಯುವ ಕಬಿನಿಯು ನಂಜನಗೂಡನ್ನು ಹಾಯ್ದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವುದು. ಸಂಗಮದಿಂದ ಕೆಳಗೆ ಯಾವ ನೀರು ಯಾವ ನದಿಯದೆಂದು ಬೇರ್ಪಡಿಸಲಾಗದು. ಪ್ರೋಗ್ರಾಮುಗಳಲ್ಲಿಯೂ ಕವಲುಗಳುಂಟು, ಸಂಗಮವೂ ಉಂಟು. ಆದರೆ ಅಲ್ಲಿ ಕೂಡಿದ ಬಳಿಕವೂ ಪ್ರತಿ ಸಾಲಿನ ಮೂಲವನ್ನು ಹುಡುಕಬಹುದು. ನಮ್ಮ ಬಡ್ಡಿ ಪ್ರೋಗ್ರಾಮಿಗೆ ನಂಜನಗೂಡಿಗೊಂದು, ನರಸೀಪುರಕ್ಕೊಂದು ಕವಲಿದೆಯೆನ್ನೋಣ. ದೋಷವನ್ನು ನಂಜನಗೂಡಿನ ಕವಲಿನಲ್ಲಿ ತಿದ್ದಿದರೆ, ಎರಡೂ ಕೂಡುವವರೆಗೆ ನರಸೀಪುರದಲ್ಲಿ ಅದು ಜೀವಂತವಾಗಿಯೇ ಇರುವುದು. ಹಾಗಾದರೆ 12ನೆಯ ದೂರು ತೀರಿತೆನ್ನಬೇಕೆ, ಉಳಿಯಿತೆನ್ನಬೇಕೆ?

ಇದಕ್ಕೆ ತಜ್ಞರು ಬಗೆಬಗೆಯ ಉತ್ತರ ಕೊಟ್ಟಿದ್ದಾರೆ. 'ಬಗ್ಸ್ ಎವೆರಿವೇರ್' ಎಂಬ ಸಾಧನದಲ್ಲಿ ದೂರುಗಳೂ ಪ್ರೋಗ್ರಾಮಿನ ಫೈಲುಗಳ ಜೊತೆಯಲ್ಲಿಯೇ ಇರುವುವು. ಆದುದರಿಂದ ಪ್ರತಿ ಕವಲೂ ತನ್ನ ಸ್ಥಿತಿಯನ್ನು ತಾನೇ ಸರಿಯಾಗಿ ಹೇಳುವುದು. ಆದರೆ ಒಂದು ಕವಲಿನಲ್ಲಿ ಬರೆದ ಹೊಸ ದೂರು, ಅವು ಕೂಡುವ ತನಕ, ಇನ್ನೊಂದರವರಿಗೆ ಕಾಣದು. ಡಿ. ರಿಚರ್ಡ್ ಹಿಪ್ ಅವರ 'ಫಾಸಿಲ್' ಎಂಬುದರಲ್ಲಿ ದೂರುಗಳು ಅದೇ ಭಂಡಾರದೊಳಗಿದ್ದರೂ ಯಾವ ಕವಲಿಗೂ ಸೇರಿರುವುದಿಲ್ಲ. ಭಂಡಾರವನ್ನು ನಕಲು ಮಾಡಿಕೊಂಡವರಿಗೆ ಅವೂ ದೊರೆಯುವುವು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರಚಿಸಿದ 'ಗಿಟ್' ಇಂದು ಬಹುಪ್ರಚಾರದಲ್ಲಿದೆ; ಅದರೊಳಗೆ ದೂರಿನ ವಹಿಯೇ ಇಲ್ಲ. 'ಗಿಟ್‌ಹಬ್' ಮೊದಲಾದ ತಾಣಗಳು ಅದನ್ನು ಹೊರಗೆ, ತಮ್ಮಲ್ಲಿ, ಇಟ್ಟುಕೊಳ್ಳುವುವು. ಬಳಕೆಗೆ ಇದು ಬಹಳ ಅನುಕೂಲ. ಆದರೆ ಪ್ರೋಗ್ರಾಮನ್ನು ನಕಲು ಮಾಡಿಕೊಂಡರೆ ದೂರುಗಳು ಜೊತೆಗೆ ಬರಲಾರವು. ತಾಣ ಮುಚ್ಚಿದರೆ ಅಥವಾ ಕೆಲಸವು ಬೇರೆಡೆಗೆ ಹೋದರೆ '12ರ ಪ್ರಕಾರ' ಎಂಬ ಮಾತು ಉಳಿದು, 12 ಏನೆಂಬುದು ಅಳಿಯಬಹುದು. ಪಹಣಿಯಲ್ಲಿ ಎಂ.ಆರ್. ನಂಬರಿದ್ದು ವಹಿಯೇ ಕಳೆದುಹೋದಂತಾಯಿತು!

ಆದಕಾರಣ ದೂರಿನ ವಹಿಯನ್ನು ಎಲ್ಲಿಯೇ ಇಟ್ಟರೂ ಅದರ ಪ್ರತಿಯೊಂದನ್ನು ಪ್ರೋಗ್ರಾಮಿನೊಡನೆ ಕಾಪಾಡುವುದು, ಬದಲಾವಣೆಯ ಟಿಪ್ಪಣಿಯಲ್ಲಿ ನಂಬರಿನ ಜೊತೆಗೆ ಕಾರಣವನ್ನೂ ಒಂದು ವಾಕ್ಯದಲ್ಲಿ ಬರೆಯುವುದು ವಿವೇಕ. ವಾಚಕರಲ್ಲಿ ಪ್ರೋಗ್ರಾಂ ಬರೆಯುವವರು ಕೆಲವರೇ ಇದ್ದಾರು, ಪಹಣಿಯುಳ್ಳವರು ಅನೇಕರು. ಮುಂದೆ ಪಹಣಿಯನ್ನು ತೆಗೆಸಿದಾಗ ಹೆಸರನ್ನು ನೋಡುವುದರ ಜೊತೆಗೆ ಎಂ.ಆರ್. ನಂಬರನ್ನೂ ಒಂದು ಕಡೆ ಬರೆದಿಟ್ಟುಕೊಳ್ಳುವುದು ಲೇಸು.