ಎರಡು ಅಲಗಿನ ಲಘು ಹೆಲಿಕಾಪ್ಟರ್‌ಗಳಲ್ಲಿ ‘ಲೋ-ಜಿ’ ಸ್ಥಿತಿ: ಪೈಲಟ್ ತರಬೇತಿ ಅಭ್ಯರ್ಥಿಗಳಿಗೆ ಮಾಹಿತಿ

ಹೆಲಿಕಾಪ್ಟರ್ ಪೈಲಟ್ ತರಬೇತಿಗಾಗಿ ಅಮೆರಿಕಕ್ಕೆ ತೆರಳುವ ಅಭ್ಯರ್ಥಿಗಳಿಗೆ ಅಲ್ಲಿನ ಅನೇಕ ಶಾಲೆಗಳಲ್ಲಿ ರಾಬಿನ್ಸನ್ ಆರ್-22 ಹಾಗೂ ಆರ್-44 ಎಂಬ ಎರಡು ಅಲಗಿನ ಲಘು ಹೆಲಿಕಾಪ್ಟರ್‌ಗಳಲ್ಲಿ ತರಬೇತಿ ನೀಡಲಾಗುತ್ತದೆ. ಇವುಗಳ ಹಾರಾಟದಲ್ಲಿ ಒಂದು ವಿಶೇಷ ಅಪಾಯವಿದ್ದು, ಅದರಿಂದ ಪಾರಾಗುವ ಕ್ರಮವು ಮನುಷ್ಯನ ಸಹಜ ಪ್ರತಿಕ್ರಿಯೆಗೆ ವಿರುದ್ಧವಾಗಿರುತ್ತದೆ. ಆದುದರಿಂದ ಅಭ್ಯರ್ಥಿಗಳು ಇದನ್ನು ಮುಂಚಿತವಾಗಿ ಅರಿತಿರುವುದು ಅವಶ್ಯಕ.

ಲೋ-ಜಿ ಎಂದರೇನು?

ಬಸ್ಸು ರಸ್ತೆಯ ಉಬ್ಬನ್ನು ವೇಗವಾಗಿ ದಾಟಿದಾಗ ಪ್ರಯಾಣಿಕರಿಗೆ ಕ್ಷಣಕಾಲ ದೇಹ ಹಗುರವಾದಂತೆ ಭಾಸವಾಗುತ್ತದೆ. ಹಾರಾಟದಲ್ಲಿ ಉಂಟಾಗುವ ಇಂತಹ ಸ್ಥಿತಿಯೇ ಲೋ-ಜಿ. ಸೈಕ್ಲಿಕ್ ನಿಯಂತ್ರಣವನ್ನು ಥಟ್ಟನೆ ಮುಂದಕ್ಕೆ ತಳ್ಳಿದಾಗ ಅಥವಾ ಪ್ರಕ್ಷುಬ್ಧ ಗಾಳಿಗೆ ಸಿಲುಕಿದಾಗ ಇದು ಉಂಟಾಗಬಹುದು.

ಅಪಾಯಕ್ಕೆ ಕಾರಣ

ಈ ಹೆಲಿಕಾಪ್ಟರ್‌ಗಳಲ್ಲಿ ರೋಟರ್‌ನ ಹಬ್ ಮಾಸ್ಟ್‌ನ ತುದಿಯಲ್ಲಿ ತಕ್ಕಡಿಯ ದಂಡದಂತೆ ಓಲಾಡುತ್ತದೆ. ಹೆಲಿಕಾಪ್ಟರಿನ ಒಡಲು ಅದರ ಕೆಳಗೆ ತೂಗುತ್ತಿರುತ್ತದೆ. ರೋಟರ್ ಭಾರ ಹೊತ್ತಿರುವವರೆಗೆ ಮಾತ್ರ ಸೈಕ್ಲಿಕ್ ಒಡಲನ್ನು ನಿಯಂತ್ರಿಸಬಲ್ಲದು. ಲೋ-ಜಿ ಸ್ಥಿತಿಯಲ್ಲಿ ಈ ಭಾರ ಇಲ್ಲವಾಗುತ್ತದೆ. ಆದರೆ ಬಾಲದ ರೋಟರ್‌ನ ಒತ್ತಡ ಮುಂದುವರಿಯುವುದರಿಂದ ಒಡಲು ಬಲಕ್ಕೆ ಉರುಳತೊಡಗುತ್ತದೆ. ಆಗ ಪೈಲಟ್ ಸಹಜವಾಗಿ ಸೈಕ್ಲಿಕ್ ಅನ್ನು ಎಡಕ್ಕೆ ಒತ್ತಿದಲ್ಲಿ ರೋಟರ್ ಎಡಕ್ಕೆ ವಾಲುವುದೇ ಹೊರತು ಒಡಲು ನೇರವಾಗುವುದಿಲ್ಲ. ಪರಿಣಾಮವಾಗಿ ಹಬ್ ಮಾಸ್ಟ್‌ಗೆ ಬಡಿಯುತ್ತದೆ. ಇದರಿಂದ ಮಾಸ್ಟ್ ತುಂಡಾಗಬಹುದು ಅಥವಾ ಅಲಗು ಒಡಲಿಗೆ ತಗುಲಬಹುದು. ಆ ಬಳಿಕ ಹೆಲಿಕಾಪ್ಟರನ್ನು ಉಳಿಸಿಕೊಳ್ಳಲು ಸಾಧ್ಯವಾಗುವುದಿಲ್ಲ.

ಪಾಲಿಸತಕ್ಕ ಕ್ರಮಗಳು

1. ದೇಹ ಹಗುರವೆನಿಸಿದ ಕೂಡಲೇ ಸೈಕ್ಲಿಕ್ ಅನ್ನು ಮೃದುವಾಗಿ ಹಿಂದಕ್ಕೆ ಎಳೆದು ರೋಟರ್‌ಗೆ ಭಾರ ಮರಳುವಂತೆ ಮಾಡತಕ್ಕದ್ದು. ಅನಂತರವೇ ಎಡಕ್ಕೆ ಒತ್ತಿ ಬಲದ ಉರುಳುವಿಕೆಯನ್ನು ಸರಿಪಡಿಸತಕ್ಕದ್ದು.

2. ಎತ್ತರ ಇಳಿಸಲು ಸೈಕ್ಲಿಕ್ ಅನ್ನು ಥಟ್ಟನೆ ಮುಂದಕ್ಕೆ ತಳ್ಳದೆ ಕಲೆಕ್ಟಿವ್ ಅನ್ನು ನಿಧಾನವಾಗಿ ತಗ್ಗಿಸತಕ್ಕದ್ದು.

3. ಪ್ರಕ್ಷುಬ್ಧ ಗಾಳಿ ಎದುರಾದಲ್ಲಿ ವೇಗವನ್ನು ತಗ್ಗಿಸತಕ್ಕದ್ದು. ಆದರೆ ಅದು 60 ನಾಟ್‌ಗಿಂತ ಕಡಿಮೆಯಾಗಬಾರದು.

4. ಲೋ-ಜಿ ಸ್ಥಿತಿಯನ್ನು ಹಾರಾಟದಲ್ಲಿ ಪ್ರದರ್ಶಿಸುವಂತೆ ಬೋಧಕರನ್ನು ಕೋರಬಾರದು. ಈ ಪಾಠವನ್ನು ನೆಲದ ಮೇಲೆಯೇ ಕಲಿಯತಕ್ಕದ್ದು.

ನಿಯಮಗಳ ಹಿನ್ನೆಲೆ

ತಯಾರಕ ಸಂಸ್ಥೆಯು 1982ರಲ್ಲಿಯೇ ಈ ಬಗ್ಗೆ ಸುರಕ್ಷತಾ ಸೂಚನೆಯನ್ನು ಹೊರಡಿಸಿತ್ತು. ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತವು 1995ರಲ್ಲಿ ಈ ಎರಡು ಮಾದರಿಗಳಿಗೆ ವಿಶೇಷ ತರಬೇತಿ ನಿಯಮವನ್ನು ಜಾರಿಗೊಳಿಸಿತು. 2024ರ ತಿದ್ದುಪಡಿಯಲ್ಲಿ ಹಾರಾಟದಲ್ಲಿನ ಲೋ-ಜಿ ಅಭ್ಯಾಸವನ್ನು ಕೈಬಿಡಲಾಯಿತು. ಆರ್-22ರ ಮಟ್ಟಿಗೆ, ಹೆಲಿಕಾಪ್ಟರ್‌ಗಳಲ್ಲಿ ಒಟ್ಟು 200 ಗಂಟೆ ಹಾಗೂ ಅದರಲ್ಲಿ 50 ಗಂಟೆ ಇದೇ ಮಾದರಿಯ ಅನುಭವವಿಲ್ಲದ ಪೈಲಟ್‌ಗಳು ನೆಲಮಟ್ಟದ ಗಾಳಿ 25 ನಾಟ್ ಮೀರಿದಾಗ ಹಾರಾಟ ನಡೆಸುವುದನ್ನು ನಿರ್ಬಂಧಿಸಲಾಗಿದೆ.

ಅಭ್ಯರ್ಥಿಗಳ ಗಮನಕ್ಕೆ

ಶುಲ್ಕ ಪಾವತಿಸುವ ಮುನ್ನ, ಲೋ-ಜಿ ಕುರಿತ ನೆಲದ ಪಾಠವನ್ನು ಯಾವ ಹಂತದಲ್ಲಿ ನೀಡಲಾಗುವುದೆಂದು ಶಾಲೆಯಲ್ಲಿ ವಿಚಾರಿಸಿ ತಿಳಿದುಕೊಳ್ಳುವುದು. ಪಾಠ ಪೂರ್ಣಗೊಂಡ ಬಗ್ಗೆ ಲಾಗ್‌ಬುಕ್‌ನಲ್ಲಿ ಬೋಧಕರ ದೃಢೀಕರಣವನ್ನು ತಪ್ಪದೆ ಪಡೆಯುವುದು. ಮೇಲ್ಕಂಡ ವಿವರಗಳು ತಿಳಿವಳಿಕೆಗಾಗಿ ಮಾತ್ರ. ಹಾರಾಟದ ಸಂದರ್ಭದಲ್ಲಿ ಆಯಾ ಹೆಲಿಕಾಪ್ಟರಿನ ಕೈಪಿಡಿ ಹಾಗೂ ಬೋಧಕರ ಸೂಚನೆಗಳೇ ಅಂತಿಮವಾಗಿರುತ್ತವೆ.