ಹಳೇ ಮನೆಯ ತುಕ್ಕು ಹಿಡಿದ ಪೈಪು: ಮೊದಲು ಯಾವುದನ್ನು ಬದಲಿಸಬೇಕು?



ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದಾಗ ಮೊದಲ ಎರಡು ಚೊಂಬು ನೀರು ಕೆಂಪಗೆ ಬರುತ್ತದೆಯೇ? ಅಡುಗೆಮನೆಯ ನಲ್ಲಿಯಲ್ಲಿ ಕೊಡ ತುಂಬಲು ಅರ್ಧ ಗಂಟೆ ಬೇಕೇ? ಸಂಘದಲ್ಲಿ ಮನೆ ರಿಪೇರಿಗೆ ಸಾಲ ಕೇಳುವಾಗ ಕೆಲವರು, “ಪೈಪೆಲ್ಲಾ ಬದಲಾಯಿಸಬೇಕಂತೆ ಅಕ್ಕಾ, ಗೋಡೆ ಒಡೀಬೇಕಂತೆ” ಎನ್ನುತ್ತಾರೆ. ಹಾಗೆಂದು ಪ್ಲಂಬರ್ ಹೇಳಿರುತ್ತಾನೆ. ಸಾಲದ ಅರ್ಜಿ ಬರೆಯುವ ಮೊದಲು ನಾವೇ ಸ್ವಲ್ಪ ನೋಡಿಕೊಳ್ಳುವುದು ಒಳ್ಳೆಯದು.

ಮೂವತ್ತು ನಲವತ್ತು ವರ್ಷದ ಹಿಂದೆ ಕಟ್ಟಿದ ಮನೆಗಳಲ್ಲಿ ಹೆಚ್ಚಾಗಿ ಇರುವುದು ಜಿ.ಐ. ಪೈಪು. ಅಂದರೆ ಸತುವಿನ ಲೇಪ ಕೊಟ್ಟ ಕಬ್ಬಿಣ. ವರ್ಷ ಕಳೆದಂತೆ ಲೇಪ ಸವೆದು ಒಳಗಡೆ ತುಕ್ಕು ಗಂಟುಗಂಟಾಗಿ ಬೆಳೆಯುತ್ತದೆ. ಅರ್ಧ ಇಂಚಿನ ಪೈಪಿನಲ್ಲಿ ಕೊನೆಗೆ ಪೆನ್ಸಿಲ್ ತೂರುವಷ್ಟು ಜಾಗವೂ ಉಳಿಯುವುದಿಲ್ಲ. ಹೊರಗಿನಿಂದ ನೋಡಿದರೆ ಪೈಪು ಚೆನ್ನಾಗಿಯೇ ಕಾಣುತ್ತದೆ.

ಕೆಂಪು ನೀರೆಲ್ಲಾ ಪೈಪಿನ ತಪ್ಪಲ್ಲ. ಎರಡು ನಿಮಿಷ ಹರಿದ ಮೇಲೆ ನೀರು ತಿಳಿಯಾದರೆ ಅದು ನಿಮ್ಮ ಪೈಪಿನ ತುಕ್ಕು. ಹಿಡಿಯುವಾಗ ತಿಳಿಯಾಗಿದ್ದು, ಬಿಂದಿಗೆಯಲ್ಲಿ ಇಟ್ಟ ಮೇಲೆ ಕೆಂಪಗಾದರೆ ಬೋರ್‌ವೆಲ್ ನೀರಿನಲ್ಲೇ ಕಬ್ಬಿಣದ ಅಂಶ ಇರಬಹುದು. ಆಗ ಪೈಪು ಬದಲಿಸಿದರೂ ದುಡ್ಡು ದಂಡ. ಅಕ್ಕಪಕ್ಕದ ಮನೆಯವರನ್ನೂ ಕೇಳಿ. ಸೋರಿಕೆ ತಿಳಿಯಲು ರಾತ್ರಿ ಎಲ್ಲಾ ನಲ್ಲಿ ಬಂದ್ ಮಾಡಿ, ಟ್ಯಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ಈಗ ಮುಖ್ಯ ವಿಷಯ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬೀದಿಯಿಂದ ಮನೆಗೆ ಬರುವ ಪೈಪನ್ನು. ಅನೇಕ ಕಡೆ ಇದು ಚರಂಡಿಯನ್ನು ದಾಟಿಯೇ ಬರುತ್ತದೆ. ನೀರು ಬಿಟ್ಟಾಗ ತೂತಿನಿಂದ ನೀರು ಹೊರಕ್ಕೆ ಚಿಮ್ಮುತ್ತದೆ. ನೀರು ನಿಂತಾಗ ಪೈಪು ಖಾಲಿಯಾಗಿ ಅದೇ ತೂತಿನಿಂದ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಎರಡು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಇದು ಮತ್ತೆ ಮತ್ತೆ ನಡೆಯುತ್ತದೆ. ಕಾಮಾಲೆ, ಟೈಫಾಯಿಡ್, ವಾಂತಿಭೇದಿ ಹೀಗೂ ಮನೆಯೊಳಗೆ ಬರುತ್ತವೆ. ಬಚ್ಚಲಿನ ನಲ್ಲಿ ಸಣ್ಣಗೆ ಬಂದರೆ ತಡೆದುಕೊಳ್ಳಬಹುದು, ಇದನ್ನು ತಡೆದುಕೊಳ್ಳಲಾಗದು. ಕೈಯಲ್ಲಿ ಹಣ ಕಡಿಮೆ ಇದ್ದರೆ ಈ ತುಂಡನ್ನು ಮಾತ್ರ ಮೊದಲು ಬದಲಾಯಿಸಿ. ಬೀದಿ ಕಡೆಯ ಕೆಲಸಕ್ಕೆ ಪಂಚಾಯಿತಿ ಅಥವಾ ಪುರಸಭೆಗೆ ತಿಳಿಸಬೇಕು. ಉದ್ದಕ್ಕೆ ಜಾಯಿಂಟ್ ಇಲ್ಲದೆ ಎಳೆಯಬಹುದಾದ ಕಪ್ಪು ಎಚ್.ಡಿ.ಪಿ.ಇ. ಪೈಪು ಇಲ್ಲಿಗೆ ಒಳ್ಳೆಯದು. ಚರಂಡಿಯೊಳಗೆ ಜಾಯಿಂಟ್ ಬರಲೇಬಾರದು. ಕೆಲಸ ಆಗುವವರೆಗೆ ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ.

ಮನೆಯೊಳಗಿನ ಪೈಪಿಗೆ ಗೋಡೆ ಒಡೆಯಲೇಬೇಕೆಂದಿಲ್ಲ. ಹಳೇ ಪೈಪಿನ ಸಂಪರ್ಕ ತೆಗೆದು ಅದನ್ನು ಗೋಡೆಯಲ್ಲೇ ಬಿಟ್ಟು, ಹೊಸದನ್ನು ಗೋಡೆಯ ಮೇಲೆ ಕ್ಲಾಂಪು ಹೊಡೆದು ತರಬಹುದು. ನೋಡಲು ಅಷ್ಟು ಚೆಂದವಿಲ್ಲ, ನಿಜ. ಆದರೆ ಗಾರೆ, ಟೈಲ್ಸ್, ಬಣ್ಣದ ಖರ್ಚು ಉಳಿಯುತ್ತದೆ, ಮುಂದೆ ಸೋರಿದರೆ ಕಣ್ಣಿಗೂ ಕಾಣುತ್ತದೆ. ಬಿಸಿಲು ಬೀಳುವ ಕಡೆ ಪೈಪಿಗೆ ಬಣ್ಣ ಬಳಿಸಿ, ಇಲ್ಲದಿದ್ದರೆ ಕೆಲವು ವರ್ಷದಲ್ಲಿ ಪೆಡಸಾಗಿ ಸೀಳುತ್ತದೆ.

ತಣ್ಣೀರಿಗೆ ಬಿಳಿ ಯು.ಪಿ.ವಿ.ಸಿ. ಸಾಕು. ಗೀಸರ್, ಸೋಲಾರ್ ಬಿಸಿನೀರಿಗೆ ಅದು ಮೆತ್ತಗಾಗುತ್ತದೆ, ಅಲ್ಲಿಗೆ ಕೆನೆ ಬಣ್ಣದ ಸಿ.ಪಿ.ವಿ.ಸಿ. ಬೇಕು. ಎರಡಕ್ಕೂ ಅಂಟು ಬೇರೆ ಬೇರೆ. ಒಂದೇ ಡಬ್ಬಿಯಲ್ಲಿ ಮುಗಿಸಲು ಬಿಡಬೇಡಿ. ಪೈಪಿನ ಮೇಲೆ ಐ.ಎಸ್.ಐ. ಗುರುತಿನ ಜೊತೆ ಯು.ಪಿ.ವಿ.ಸಿ.ಗೆ 4985, ಸಿ.ಪಿ.ವಿ.ಸಿ.ಗೆ 15778 ಎಂಬ ಸಂಖ್ಯೆ ಅಚ್ಚಾಗಿರುತ್ತದೆ, ಓದಿ ನೋಡಿ. ಕರೆಂಟ್ ವಯರಿನ ಪೈಪು ಅಗ್ಗ ಎಂದು ಕುಡಿಯುವ ನೀರಿಗೆ ಹಾಕಿಸಬೇಡಿ.

ಇನ್ನೊಂದು ಮಾತು. ಕೆಲವು ಹಳೇ ಮನೆಗಳಲ್ಲಿ ಕರೆಂಟಿನ ಅರ್ಥಿಂಗ್ ವಯರನ್ನು ಈ ಕಬ್ಬಿಣದ ಪೈಪಿಗೇ ಸುತ್ತಿರುತ್ತಾರೆ. ಪ್ಲಾಸ್ಟಿಕ್ ಪೈಪು ಹಾಕಿದ ದಿನವೇ ಆ ಅರ್ಥಿಂಗ್ ಹೋಯಿತು. ಆಮೇಲೆ ಗ್ರೈಂಡರ್, ಗೀಸರ್ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು, ಜೀವಕ್ಕೇ ಅಪಾಯ. ಪ್ಲಂಬರ್ ಇದನ್ನು ಹೇಳುವುದು ಕಡಿಮೆ. ಪೈಪು ಕತ್ತರಿಸುವ ಮೊದಲೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ನೋಡಿಸಿ, ಬೇಕಿದ್ದರೆ ಬೇರೆ ಅರ್ಥಿಂಗ್ ಮಾಡಿಸಿ.

ಸಾಮಾನಿನ ಲೆಕ್ಕ ಬೇರೆ, ಕೂಲಿ ಲೆಕ್ಕ ಬೇರೆ ಬರೆಸಿಕೊಳ್ಳಿ. ಇಬ್ಬರು ಪ್ಲಂಬರುಗಳಿಂದ ಬರೆಸಿ ಸಂಘದ ಸಭೆಗೆ ತನ್ನಿ. ಅಡುಗೆಮನೆಗೊಂದು, ಬಚ್ಚಲಿಗೊಂದು ವಾಲ್ವ್ ಹಾಕಿಸಿದರೆ ಒಂದು ನಲ್ಲಿ ಕೆಟ್ಟಾಗ ಇಡೀ ಮನೆಯ ನೀರು ನಿಲ್ಲಿಸಬೇಕಾಗಿಲ್ಲ. ಗೋಡೆ ಒಡೆದಿದ್ದರೆ, ಅಂಟು ಒಣಗಿದ ಮೇಲೆ ಒಂದು ರಾತ್ರಿ ಪೈಪಿನಲ್ಲಿ ನೀರು ತುಂಬಿಸಿಡಿ. ಬೆಳಿಗ್ಗೆ ಒಂದೊಂದು ಜಾಯಿಂಟನ್ನೂ ಒಣಗಿದ ಕೈಯಿಂದ ಸವರಿ ನೋಡಿದ ಮೇಲೆಯೇ ಗಾರೆ ಹಾಕಿಸಿ, ಪೂರ್ತಿ ಕೂಲಿ ಕೊಡಿ. ಮೊದಲು ಬರುವ ನೀರಿಗೆ ಅಂಟಿನ ವಾಸನೆ ಇರುತ್ತದೆ. ಅದನ್ನು ಕುಡಿಯದೆ, ವಾಸನೆ ಹೋಗುವವರೆಗೆ ಹರಿಯಬಿಟ್ಟು, ಬಕೆಟ್ಟಿನಲ್ಲಿ ಹಿಡಿದು ನೆಲ ತೊಳೆಯಲು ಬಳಸಿ.